ಅಪೊಲಿನ್ ಹಿಡಿದ ಬೈರಾಸು

ಒಲೆಯ ಮುಂದೆ ನಿಂತವಳ ಕಡೆಗೆ ಒದ್ದೆ ಬೈರಾಸು ಹಾರಿ ಬರುವುದು ಅಪೊಲಿನಳ ಸಂಸಾರದಲ್ಲಿ ಮೊದಲ ವಾರದಿಂದಲೇ ಇದ್ದ ಪದ್ಧತಿ. ರೋನ್ಸನ್ ಸ್ನಾನ ಮುಗಿಸಿ, ತಲೆ ಮೈ ಒರೆಸಿಕೊಂಡು, ಆ ಟವೆಲನ್ನು ಮುದ್ದೆ ಮಾಡಿ ಹೆಂಡತಿ ಇದ್ದ ದಿಕ್ಕಿಗೆ ಒಗೆಯುತ್ತಿದ್ದ. ಉಂಡು ಕೈ ತೊಳೆದ ಮೇಲೂ ಅಷ್ಟೇ. ಬಾಗಿಲ ಹಿಂದೆ ಕೊಕ್ಕೆ ಇತ್ತು, ಬಾಲ್ಕನಿಯಲ್ಲಿ ಹಗ್ಗ ಇತ್ತು. ಅವೆರಡೂ ಅವನ ಕಣ್ಣಿಗೆ ಕಂಡದ್ದೇ ಇಲ್ಲ.

ಮೊದಮೊದಲು ಅದು ಅವಳ ಮುಖಕ್ಕೆ ಬಡಿಯುತ್ತಿತ್ತು, ಇಲ್ಲವೇ ಸಾರಿನ ಪಾತ್ರೆಗೆ ಬೀಳುತ್ತಿತ್ತು. ಒಮ್ಮೆ ಗ್ಯಾಸಿನ ಉರಿಗೆ ಬಿದ್ದು ಅಂಚು ಸುಟ್ಟಾಗ, "ಒಂದು ಬೈರಾಸು ಹಿಡಿಯಲಿಕ್ಕೂ ಬರುವುದಿಲ್ಲವಾ ನಿನಗೆ?" ಎಂದು ಬೈಸಿಕೊಂಡಳು. ಆಮೇಲೆ ಕೈ ಕಲಿಯಿತು. ಬಲಗೈಯಲ್ಲಿ ಸೌಟು ತಿರುಗುತ್ತಿರುವಾಗಲೇ ಎಡಗೈ ತಾನಾಗಿ ಎದ್ದು, ಅವಳು ತಿರುಗಿ ನೋಡುವ ಮೊದಲೇ ಬೈರಾಸನ್ನು ಗಾಳಿಯಲ್ಲಿ ಹಿಡಿದು, ಕೊಡವಿ, ಹೆಗಲಿಗೆ ಹಾಕಿಕೊಳ್ಳುತ್ತಿತ್ತು. ಬಹ್ರೈನಿನ ಗುದೈಬಿಯಾದ ಆ ಫ್ಲ್ಯಾಟಿಗೆ ಊರಿನವರು ಊಟಕ್ಕೆ ಬಂದಾಗ ರೋನ್ಸನ್ ಅದನ್ನೊಂದು ಸರ್ಕಸ್ಸಿನ ಹಾಗೆ ತೋರಿಸುತ್ತಿದ್ದ. "ಈಗ ನೋಡಿ ನಮ್ಮ ಮನೆಯ ವಿಕೆಟ್ ಕೀಪರ್," ಎನ್ನುತ್ತಿದ್ದ. ಅವನು ಎಸೆದರೆ ಅವಳು ಹಿಡಿಯುತ್ತಿದ್ದಳು, ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ಅಪೊಲಿನ್ ತಾನೂ ನಗುತ್ತಿದ್ದಳು. ನಕ್ಕು, ಅವರೆಲ್ಲರ ಎಂಜಲು ತಟ್ಟೆಗಳನ್ನು ಒಟ್ಟುಮಾಡುತ್ತಿದ್ದಳು.

ಅವಳ ಮೈ ದೊಡ್ಡದು. ಶಿರ್ವದ ಹತ್ತಿರದ ತವರಿನಲ್ಲಿ ಬಾವಿಯ ನೀರಿಗೆ, ಹಟ್ಟಿಯ ಗೊಬ್ಬರಕ್ಕೆ, ಸೌದೆಯ ಹೊರೆಗೆ ಎಲ್ಲರಿಗೂ ಮೊದಲು ನೆನಪಾಗುತ್ತಿದ್ದದ್ದು ಅವಳ ಹೆಗಲು. ಸಂಬಂಧ ಕೇಳಿ ಬಂದವರಿಗೆ ಮಾತ್ರ ಕುಳಿತು ತೆಗೆಸಿದ ಫೋಟೋ ಕೊಡುತ್ತಿದ್ದರು. ರೋನ್ಸನನ ತಾಯಿ ಬ್ರಿಜಿಟ್ ಬಾಯಿ ಹುಡುಗಿಯನ್ನು ನಿಲ್ಲಿಸಿಯೇ ನೋಡಿದಳು. ನೋಡಿ, "ಕೆಲಸಕ್ಕೆ ಆಗ್ತಾಳೆ," ಎಂದು ಒಂದೇ ಮಾತಿನಲ್ಲಿ ಒಪ್ಪಿದಳು. ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರದಲ್ಲಿ ಮೈಗೆ ತೆಂಗಿನ ಹಾಲು ಹಚ್ಚುತ್ತಾ ಚಿಕ್ಕಮ್ಮಂದಿರು, "ಇವಳಿಗೆ ಇನ್ನೊಂದು ಗೊನೆ ಕಾಯಿ ತುರಿಯಬೇಕಿತ್ತು ಮಾರಾಯ್ತಿ," ಎಂದು ನಕ್ಕರು. ಆ ಕಾಯಿಗಳನ್ನು ಬೆಳಿಗ್ಗೆ ಕುಳಿತು ತುರಿದವಳೂ ಅವಳೇ.

ರೋನ್ಸನ್ ಸಿತ್ರಾದ ಒಂದು ಕಾರ್ಖಾನೆಯ ಸ್ಟೋರಿನಲ್ಲಿದ್ದ. ಕಂಪೆನಿ ಬಸ್ಸಿನಲ್ಲಿ ಹೋಗಿ, ಪಾಳಿ ಮುಗಿಸಿ, ಕಂಪೆನಿ ಬಸ್ಸಿನಲ್ಲಿ ಬರುತ್ತಿದ್ದ. ಅಪೊಲಿನ್ ಅವನ ಫ್ಯಾಮಿಲಿ ವೀಸಾದಲ್ಲಿ ಬಂದವಳು. ಬಹ್ರೈನಿನ ಕಾಗದಗಳ ಪ್ರಕಾರ ಅವಳಿಗೆ ಇದ್ದ ಕೆಲಸ ಒಂದೇ, ರೋನ್ಸನನ ಹೆಂಡತಿಯಾಗಿರುವುದು. ಕಾಗದದ ಹೊರಗೆ ಅವಳು ಮೀನಾ ಸಲ್ಮಾನಿನ ಗೋದಾಮುಗಳ, ಟುಬ್ಲಿಯ ಗ್ಯಾರೇಜುಗಳ ಒಂಟಿ ಗಂಡಸರಿಗೆ ಡಬ್ಬಿ ಊಟ ಮಾಡಿ ಕೊಡುತ್ತಿದ್ದಳು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಂದು ಪಲ್ಯ. ಮಗಳು ಸೋನಲ್ ಇಂಗ್ಲಿಷಿನಲ್ಲಿ ಕನಸು ಕಾಣುವ ಹುಡುಗಿ. ತಾಯಿಯ ಮೈಯಿಂದ ಮೀನಿನ ವಾಸನೆ ಬರುತ್ತದೆಂದು ಶಾಲೆಯ ಗೇಟಿಗೆ ಬರಬೇಡ ಅನ್ನುತ್ತಿದ್ದಳು.

ಟುಬ್ಲಿಯಲ್ಲಿ ಉಳ್ಳಾಲದ ಅಫ್ಸಲನ ಗ್ಯಾರೇಜು. ಕೆಳಗೆ ಗಾಡಿ ರಿಪೇರಿ, ಮೇಲೆ ಅವನದೇ ಬಾಕ್ಸಿಂಗ್ ಜಿಮ್ಮು. ಅಪೊಲಿನ್ ಡಬ್ಬಿ ಇಡಲು ಮೇಲೆ ಹೋಗಿದ್ದ ಒಂದು ಮಧ್ಯಾಹ್ನ, ಗುದ್ದುವ ಚೀಲದ ಸರಪಳಿ ಕಿತ್ತುಬಂತು. ಹುಡುಗರು ಚೀಲವನ್ನು ತಬ್ಬಿಕೊಂಡು ತೂರಾಡುತ್ತಿದ್ದರು. ಅವಳು ಡಬ್ಬಿಗಳನ್ನು ಕೆಳಗಿಟ್ಟು, ಮಧ್ಯೆ ಹೊಕ್ಕು, ಹೆಗಲು ಕೊಟ್ಟು ನಿಂತಳು. ಕೊಕ್ಕೆ ಹಾಕಿ ಮುಗಿಯುವವರೆಗೆ ಅಲುಗಲಿಲ್ಲ.

"ಬಾಯಿ, ಭಾರ ಆಗ್ಲಿಲ್ವಾ?" ಎಂದು ಅಫ್ಸಲ್ ಕೇಳಿದ.

"ಅಕ್ಕಿ ಮುಡಿ ಇದಕ್ಕಿಂತ ಒರಟು."

"ಒಂದು ಗುದ್ದಿ ನೋಡುವ."

"ಎಂತಕ್ಕೆ? ಡಬ್ಬಿ ತಣಿತದೆ."

"ಸುಮ್ನೆ ಒಂದು."

ಅವಳು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಗುದ್ದಿದಳು. ಚೀಲ ಮಡಚಿಕೊಂಡಿತು. ಹುಡುಗರ ನಗು ನಿಂತಿತು.

ಅಫ್ಸಲ್ ಒಳ್ಳೆಯವನಲ್ಲ, ಆದರೆ ಸುಳ್ಳುಗಾರನೂ ಅಲ್ಲ. ನೇರವಾಗಿಯೇ ಹೇಳಿದ. "ಹೆಂಗಸರ ಹೆವಿವೇಟಿನಲ್ಲಿ ಜನವೇ ಇಲ್ಲ ಬಾಯಿ. ಮೇಲೆ ಬರುವ ಹುಡುಗಿಯರಿಗೆ ಸೋಲಿಸ್ಲಿಕ್ಕೆ ಯಾರಾದರೂ ಬೇಕಲ್ಲ. ದುಬೈಯವರು, ಸೌದಿಯವರು ನನ್ನ ಹತ್ರ ಕೇಳ್ತಾ ಇರ್ತಾರೆ. ನೀವು ಹೋಗುವುದು ಸೋಲ್ಲಿಕ್ಕೆ. ಬೇಗ ಬೀಳ್ಬಾರದು, ಅಷ್ಟೇ. ಜನ ಟಿಕೆಟ್ ತಕೊಂಡು ಬರ್ತಾರೆ."

"ನಿಲ್ಲುವುದು ನನಗೆ ಗೊತ್ತುಂಟು," ಎಂದಳು ಅಪೊಲಿನ್.

ರೋನ್ಸನ್ ಮೊದಲು ಸೋಫಾದಿಂದ ಬೀಳುವಷ್ಟು ನಕ್ಕ. ಮಾರನೆಯ ದಿನ ಅಫ್ಸಲನ ಹತ್ತಿರ ಒಬ್ಬನೇ ಹೋಗಿ ಮಾತಾಡಿ ಬಂದ. ಬರುವಾಗ ಬೆನ್ನ ಮೇಲೆ ಮ್ಯಾನೇಜರ್ ಎಂದು ಬರೆಸಿದ ನೀಲಿ ಜಾಕೆಟ್ ಹೊಲಿಯಲು ಕೊಟ್ಟು ಬಂದಿದ್ದ.

ಹೀಗೆ ಅವಳ ವೃತ್ತಿ ಶುರುವಾಯಿತು. ತರಬೇತಿಗೆಂದು ಮನೆಯ ಯಾವ ಕೆಲಸವೂ ಕಡಿಮೆಯಾಗಲಿಲ್ಲ. ಬೆಳಗಾಗುವ ಮೊದಲು ಅಕ್ಕಿ ಇಟ್ಟು, ಅದು ಕುದಿಯುವವರೆಗೆ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಹಗ್ಗದಾಟ ಬಾಲ್ಕನಿಯಲ್ಲಿ, ಒಗೆದ ಬಟ್ಟೆಗಳ ನಡುವೆ. ಕೈಗೆ ಸುತ್ತುವ ಪಟ್ಟಿಗಳನ್ನು ಅವಳೇ ಒಗೆದು, ಒಣಗಿಸಿ, ಸುರುಳಿ ಸುತ್ತಿಡುತ್ತಿದ್ದಳು. ಜಿಮ್ಮಿನ ಹುಡುಗರು ತಮ್ಮವನ್ನೂ ಸೇರಿಸಿ ಕೊಡತೊಡಗಿದರು. "ಬಾಯಿ, ಹೇಗೂ ನೀವು ಒಗೀತೀರಲ್ಲ."

ಮೊದಲ ಪಂದ್ಯ ಮನಾಮಾದ ಒಂದು ಹೋಟೆಲಿನ ಹಾಲಿನಲ್ಲಿ. ಎದುರಿಗೆ ಇಪ್ಪತ್ತೆರಡರ ಒಬ್ಬ ರಷ್ಯನ್ ಹುಡುಗಿ. ಮೊದಲ ಸುತ್ತಿನಲ್ಲಿ ಅಪೊಲಿನ್ ತಿಂದ ಪೆಟ್ಟುಗಳಲ್ಲಿ ಅವಳಿಗೆ ವಿಶೇಷ ಏನೂ ಕಾಣಲಿಲ್ಲ. ನೋವು ಎಂದರೆ ನೋವು, ಅದರ ಪರಿಚಯ ಇತ್ತು. ವಿಶೇಷ ಕಂಡದ್ದು ಗಂಟೆ ಹೊಡೆದ ಮೇಲೆ.

ಅವಳ ಮೂಲೆಯಲ್ಲಿ ಅಫ್ಸಲನ ಜೊತೆಗೆ ಬೀಫಾತಿಮಾ ಇದ್ದಳು. ಕ್ಲಿನಿಕ್ಕೊಂದರಲ್ಲಿ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಕೆಲಸದವಳು, ಅಫ್ಸಲನ ದೂರದ ಸಂಬಂಧಿ, ರಕ್ತ ನಿಲ್ಲಿಸುವುದರಲ್ಲಿ ಪಳಗಿದ ಕೈ. ಅಪೊಲಿನ್ ಮೂಲೆಗೆ ಬರುವಷ್ಟರಲ್ಲಿ ಒಂದು ಸ್ಟೂಲು ಬಂದು ನಿಂತಿತ್ತು. ಬೀಫಾತಿಮಾ ಅವಳ ಭುಜ ಒತ್ತಿ ಕೂರಿಸಿದಳು. ಬಾಯಿಗೆ ಬೆರಳು ಹಾಕಿ ಹಲ್ಲಿನ ಕವಚ ತೆಗೆದು, ತೊಳೆದು, ನೀರು ಕುಡಿಸಿ, ಉಗುಳಲು ಬಕೆಟು ಹಿಡಿದಳು. ಹಣೆ, ಕುತ್ತಿಗೆ, ಕಿವಿಯ ಹಿಂದೆ, ಎಲ್ಲ ಕಡೆ ತಣ್ಣನೆ ಬಟ್ಟೆಯಿಂದ ಒರೆಸಿದಳು. ಅಪೊಲಿನ್‌ಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನೆಲಕ್ಕೆ ಚೆಲ್ಲಿದ ನೀರನ್ನು ಕಂಡು, ಆ ಬಟ್ಟೆಯನ್ನು ಬೀಫಾತಿಮಾಳ ಕೈಯಿಂದ ತೆಗೆದುಕೊಳ್ಳಲು ಗ್ಲೌಸು ಚಾಚಿದಳು.

"ಎಂತ ಬೇಕು ಬಾಯಮ್ಮ?"

"ಒರೆಸ್ತೇನೆ. ಯಾರಾದ್ರೂ ಜಾರಿ ಬೀಳ್ತಾರೆ."

"ಕೂತ್ಕೊಳ್ಳಿ ಸುಮ್ನೆ. ಇಲ್ಲಿ ನಿಮ್ಮ ಕೆಲಸ ಕೂರುವುದು."

ಅಂಥ ಕೆಲಸವೊಂದು ಇರುತ್ತದೆಂದು ಅಪೊಲಿನ್‌ಗೆ ಯಾರೂ ಹೇಳಿರಲಿಲ್ಲ. ಜ್ವರ ಬಂದಾಗ, ಸೋನಲಳನ್ನು ಹೆತ್ತಾಗ, ಅವಳ ಮುಖವನ್ನು ಬೇರೆ ಯಾರೂ ಒರೆಸಿದ್ದಿಲ್ಲ. ಒಂದು ನಿಮಿಷದ ವಿರಾಮ ಮುಗಿದು ಗಂಟೆ ಹೊಡೆದಾಗ ಅವಳಿಗೆ ಅಳು ಬಂತು. ಪೆಟ್ಟಿಗೆ ಹೆದರಿ ಅಳುತ್ತಿದ್ದಾಳೆಂದು ಜನ ನಕ್ಕರು. ಅವಳು ಎದ್ದು ಹೋದಳು. ಎರಡು ನಿಮಿಷ ಹೊಡೆಸಿಕೊಂಡರೆ ಮತ್ತೆ ಆ ಸ್ಟೂಲು ಸಿಗುತ್ತಿತ್ತು.

ಸೋತಳು. ಮುಂದಿನದನ್ನೂ ಸೋತಳು, ಅದರ ಮುಂದಿನದನ್ನೂ. ಬೀಳದೆ ಸೋಲುವ ಹೆಂಗಸೆಂದು ಹೆಸರಾಯಿತು. ಕರೆಗಳು ಬಂದವು. ಪಂದ್ಯದ ಕವರು ರೋನ್ಸನನ ಜಾಕೆಟ್ಟಿನ ಒಳಜೇಬಿಗೆ ಹೋಗುತ್ತಿತ್ತು, ಅಪೊಲಿನ್ ಬಿಡುವಿಲ್ಲದೆ ಮನೆಗೆ ಬಂದು ಹಿಟ್ಟು ರುಬ್ಬುತ್ತಿದ್ದಳು. ಹುಬ್ಬಿಗೆ ಹೊಲಿಗೆ ಬಿದ್ದ ಮಾರನೆಯ ದಿನವೇ ಊರಿನವರ ಮಗುವಿನ ನಾಮಕರಣಕ್ಕೆ ಇಡ್ಲಿಯಂಥ ಸಾನ್ನ ಬೇಯಿಸಿದ್ದಳು. ಇಗರ್ಜಿಯಲ್ಲಿ ಅವಳ ಊದಿದ ಮುಖ ನೋಡಿ ಹೆಂಗಸರು ಪಿಸುಗುಟ್ಟಿದರೆ ರೋನ್ಸನ್‌ಗೆ ಅವಮಾನವಾಗುತ್ತಿತ್ತು. "ಎಲ್ರಿಗೂ ಹೇಳು, ನಾನು ಕೈ ಎತ್ತಿದವನಲ್ಲ ಅಂತ," ಎಂದು ಅವಳನ್ನೇ ಮುಂದೆ ದೂಡುತ್ತಿದ್ದ. ಅವಳು ಹೇಳುತ್ತಿದ್ದಳು. ಅದು ನಿಜವೂ ಆಗಿತ್ತು.

ಹೆವಿವೇಟಿಗೆ ಮೇಲಿನ ಮಿತಿ ಇಲ್ಲ, ಕೆಳಗಿನದು ಉಂಟು. ಆ ಗೆರೆಗಿಂತ ತೂಕ ಇಳಿದರೆ ಪಂದ್ಯ ಇಲ್ಲ. ಎಲ್ಲರ ಊಟ ಮುಗಿದ ಮೇಲೆ ಪಾತ್ರೆಯ ತಳ ಕೆರೆದು ಉಣ್ಣುವವಳ ತೂಕ ಇಳಿಯದೆ ಏನಾಗುತ್ತದೆ? ಅದಕ್ಕೆ ತೂಕ ನೋಡುವ ದಿನ ಹತ್ತಿರ ಬಂದಾಗ ರೋನ್ಸನ್ ತಾನೇ ಸೌಟು ಹಿಡಿದು ಅವಳ ತಟ್ಟೆಗೆ ಹಂದಿಯ ದೊಡ್ಡ ತುಂಡುಗಳನ್ನು ಹಾಕುತ್ತಿದ್ದ. "ತಿನ್ನು, ತಿನ್ನು. ನಾಚಿಕೆ ಎಂತಕ್ಕೆ?" ಅವಳು ತಟ್ಟೆ ನೋಡುತ್ತಾ ಕೂರುತ್ತಿದ್ದಳು. ತೂಕ ನೋಡಿ ಆದ ರಾತ್ರಿಯಿಂದ ಸೌಟು ಮತ್ತೆ ಅವಳ ಕೈಗೆ, ತುಂಡು ಮತ್ತೆ ಅವನ ತಟ್ಟೆಗೆ.

ಹೀಗೆ ವರ್ಷಗಳು ಹೋದವು. ಎಡಗಣ್ಣಿನ ಕೆಳಗೆ ಒಂದು ಗಂಟು ಉಳಿಯಿತು. ಮೂಗು ಒಂದು ಕಡೆಗೆ ವಾಲಿತು. ಅಪೊಲಿನ್ ಮಾತ್ರ ಕಲಿಯುತ್ತಿದ್ದಳು. ತನ್ನನ್ನು ಹೊಡೆಯುವವರ ಕಾಲು ಯಾವಾಗ ಭಾರವಾಗುತ್ತದೆ, ಉಸಿರು ಎಲ್ಲಿ ಕಟ್ಟುತ್ತದೆ, ಎಲ್ಲವೂ ಅವಳಿಗೆ ಕಾಣತೊಡಗಿತು. ಅಫ್ಸಲ್ ಅದನ್ನು ಗಮನಿಸಿದ್ದ. ಜಿಮ್ಮಿಗೆ ಈಗ ಹೆಂಗಸರೂ ಬರುತ್ತಿದ್ದರು, ಬಹ್ರೈನಿಗಳು, ಫಿಲಿಪ್ಪೀನಿನವರು, ನಮ್ಮ ನರ್ಸುಗಳು. ಅವರಿಗೆ ಕಲಿಸಲು ಹೆಂಗಸೇ ಬೇಕಿತ್ತು. ಒಂದು ದಿನ ಅವನು ಖಾಲಿ ಡಬ್ಬಿ ಕೊಡುತ್ತಾ ಹೇಳಿದ.

"ಬಾಯಿ, ಸರಿ ಕೇಳಿ. ಕಝಾಕಿಸ್ತಾನದ ಒಂದು ಹುಡುಗಿ ಬರ್ತಾ ಇದ್ದಾಳೆ. ದೊಡ್ಡ ಹಾಲು, ಟಿವಿಯವರು ಇರ್ತಾರೆ. ಇದನ್ನೂ ಸೋತರೆ ನಿಮ್ಮ ಲೈಸೆನ್ಸ್ ಹೋಗ್ತದೆ. ಸಾಲಾಗಿ ಇಷ್ಟು ಸೋತವರನ್ನು ಇನ್ನು ರಿಂಗಿಗೆ ಬಿಡುವುದಿಲ್ಲ ಅಂತ ಕಾಗದ ಬಂದಾಗಿದೆ."

"ಗೆದ್ದರೆ?"

"ಗೆದ್ದರೆ ಕೋಚ್ ಅಂತ ನನ್ನ ಕಂಪೆನಿ ವೀಸಾ. ಮೇಲೆ ರೂಮು. ಒಂದೇ ಒಂದು ಗೆಲುವು ಸಾಕು ನನಗೆ, ಗೋಡೆಗೆ ಹಾಕ್ಲಿಕ್ಕೆ. ಒಂದೂ ಗೆಲ್ಲದವರ ಹತ್ರ ಯಾರು ಕಲೀತಾರೆ?"

ಅಪೊಲಿನ್ ಡಬ್ಬಿಗಳನ್ನು ಎಣಿಸಿದಳು, ಮತ್ತೆ ಎಣಿಸಿದಳು. ಸ್ವಂತ ವೀಸಾ, ಒಳಗಿನಿಂದ ಚಿಲಕ ಹಾಕಬಹುದಾದ ರೂಮು. ಅವಳು ಅದನ್ನು ಯಾರಿಗೂ ಹೇಳಲಿಲ್ಲ, ಬೀಫಾತಿಮಾಳಿಗೆ ಬಿಟ್ಟು.

"ಆಚೆ ಹುಡುಗಿ ಚಿಕ್ಕವಳು, ಅವಸರ ಜಾಸ್ತಿ. ಮೂರನೇ ಸುತ್ತಿಗೆ ಸುಸ್ತಾಗ್ತಾಳೆ," ಎಂದಳು ಬೀಫಾತಿಮಾ. "ಅಲ್ಲಿವರೆಗೆ ನಿಂತ್ಕೊಳ್ಳಿ ಬಾಯಮ್ಮ. ಆಮೇಲೆ ಹಿಟ್ಟು ನಾದಿದ ಹಾಗೆ, ಅಷ್ಟೇ."

ಆದರೆ ಟಿವಿ ಎಂದ ಕೂಡಲೇ ರೋನ್ಸನ್ ತಾನೂ ಮೂಲೆಯಲ್ಲಿ ನಿಲ್ಲಬೇಕೆಂದ. ಒಳಗೆ ಬಿಡುವ ಪಾಸು ಇಬ್ಬರಿಗೆ ಮಾತ್ರ. ಅಫ್ಸಲ್ ಬೇಕೇ ಬೇಕು.

"ಪೊರ್ಬು, ಬೀಫಾತಿಮಾಗೆ ಕೆಲಸ ಗೊತ್ತುಂಟು," ಎಂದ ಅಫ್ಸಲ್, ಊರಿನಲ್ಲಿ ಕ್ರಿಸ್ತರ ಗಂಡಸರನ್ನು ಕರೆಯುವ ಹಾಗೆ.

"ಮುಖ ಒರೆಸುವುದು ಎಂತ ದೊಡ್ಡ ಕೆಲಸ ಮಾರಾಯ? ನನ್ನ ಹೆಂಡತಿಯ ಮುಖ ನನಗೆ ಗೊತ್ತಿಲ್ವಾ?"

ಬೀಫಾತಿಮಾ ಟಿಕೆಟು ತೆಗೆದುಕೊಂಡು ಕುರ್ಚಿಗಳ ಸಾಲಿನಲ್ಲಿ ಕುಳಿತಳು.

ಆ ದಿನ ಗಂಟೆ ಹೊಡೆದು ಅಪೊಲಿನ್ ಮೂಲೆಗೆ ಬಂದರೆ ಸ್ಟೂಲು ತಲೆಕೆಳಗಾಗಿತ್ತು. ಅಫ್ಸಲ್ ಬೈಯುತ್ತಾ ಅದನ್ನು ಸರಿಮಾಡಿದ. ರೋನ್ಸನ್ ಹಲ್ಲಿನ ಕವಚವನ್ನು ಎರಡು ಬೆರಳುಗಳಲ್ಲಿ ಹಿಡಿದು ಮುಖ ಸಿಂಡರಿಸಿದ. ಜೊಲ್ಲು, ರಕ್ತ. ಅದು ನೆಲಕ್ಕೆ ಬಿತ್ತು. ಅದನ್ನು ಹಾಗೇ ಎತ್ತಿ ಬಾಯಿಗೆ ತುರುಕಿದ. ನೀರನ್ನು ಅವಳ ಮೂಗಿಗೆ ಹೊಯ್ದ. ಬೈರಾಸು ಅವನ ಹೆಗಲ ಮೇಲೇ ಇತ್ತು, ಬಿಳಿಯದು, ಹೊಸದು, ಟಿವಿಗೆ ಚಂದ ಕಾಣಲೆಂದು ತಂದದ್ದು. ಯಾರೂ ಅವಳ ಮುಖ ಒರೆಸಲಿಲ್ಲ. ಅವಳು ಗ್ಲೌಸಿನ ಹಿಂಬದಿಯಿಂದ ತಾನೇ ಕಣ್ಣು ಒರೆಸಿಕೊಂಡು ಎದ್ದಳು.

ಸ್ಟೂಲು ಕೂಡ ಹೋಯಿತು ಎಂದುಕೊಂಡಳು. ಇನ್ನು ಗೆಲ್ಲುವುದೊಂದೇ ಉಳಿದಿತ್ತು.

ಬೀಫಾತಿಮಾ ಹೇಳಿದ ಹಾಗೆಯೇ ಆಯಿತು. ಮೂರನೆಯ ಸುತ್ತಿನ ಕೊನೆಗೆ ಕಝಕ್ ಹುಡುಗಿಯ ಬಾಯಿ ತೆರೆದುಕೊಂಡಿತು. ನಾಲ್ಕನೆಯದರಲ್ಲಿ ಅವಳ ಕಾಲು ನೆಲಕ್ಕೆ ಅಂಟಿತು. ಅಪೊಲಿನ್ ಎಡಗೈಯಿಂದ ಪಕ್ಕೆಗೆ ಗುದ್ದಿದಳು. ಹುಡುಗಿಯ ಮೊಣಕೈ ಇಳಿಯಿತು. ಬಲಗೈ ದವಡೆಗೆ ಹೋಯಿತು. ಹುಡುಗಿ ಹಗ್ಗಕ್ಕೆ ಒರಗಿದಳು, ಮೊಣಕಾಲು ಅದುರಿತು, ಕಣ್ಣು ಎತ್ತಲೋ ನೋಡತೊಡಗಿತು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅಪೊಲಿನ್ ತನ್ನ ಎದುರಿಗಿದ್ದವಳ ಮುಖದಲ್ಲಿ ತನ್ನದೇ ಮುಖ ಕಂಡಳು. ಕನಿಕರ ಬರಲಿಲ್ಲ. ಇನ್ನೊಂದು, ಇನ್ನೊಂದು ಎಂದು ಹೊಡೆದಳು. ರೆಫರಿ ಹತ್ತಿರ ಬರುತ್ತಿದ್ದ. ಇನ್ನೆರಡು ಬಿದ್ದರೆ ಅವನು ನಿಲ್ಲಿಸುತ್ತಿದ್ದ, ಅವಳ ಕೈ ಎತ್ತುತ್ತಿದ್ದ.

ಮೂಲೆಯಲ್ಲಿ ರೋನ್ಸನನ ಕೈಗೆ ಬಾಟಲಿಯ ನೀರು ಚೆಲ್ಲಿತ್ತು. ಅವನು ರಿಂಗನ್ನು ನೋಡುತ್ತಿರಲಿಲ್ಲ. ಊರಿನವರ ಸಂಘದ ಅಧ್ಯಕ್ಷ ಡಿಕ್ಸನ್ ಆಚೆಯಿಂದ ಮೊಬೈಲಿನಲ್ಲಿ ಅವನ ಫೋಟೋ ತೆಗೆಯುತ್ತಿದ್ದ. ರೋನ್ಸನ್ ಅತ್ತ ನಗುತ್ತಾ ಹೆಗಲಿನಿಂದ ಬೈರಾಸು ತೆಗೆದ, ಕೈ ಒರೆಸಿಕೊಂಡ, ಮುದ್ದೆ ಮಾಡಿ ಹೆಂಡತಿ ಇದ್ದ ದಿಕ್ಕಿಗೆ ಒಗೆದ.

ಅಪೊಲಿನ್ ಅದನ್ನು ನೋಡಲಿಲ್ಲ. ಅವಳ ಎಡಗೈ ನೋಡಿತು. ಹೊಡೆಯಲೆಂದು ಹಿಂದಕ್ಕೆ ಹೋಗಿದ್ದ ಕೈ ಅರ್ಧದಲ್ಲಿ ತಿರುಗಿ, ಮೇಲಕ್ಕೆ ಎದ್ದು, ಹಾರಿ ಬಂದ ಬೈರಾಸನ್ನು ಗ್ಲೌಸು ಮತ್ತು ಎದೆಯ ನಡುವೆ ಹಿಡಿದುಕೊಂಡಿತು. ಅಷ್ಟೇ ಆಗಿದ್ದರೂ ಆಗುತ್ತಿತ್ತೇನೋ. ಅವಳು ಅದನ್ನು ಒಮ್ಮೆ ಕೊಡವಿದಳು. ಪಕ್ಕದಲ್ಲೇ ಹಗ್ಗ ಇತ್ತು. ಮೇಲಿನ ಹಗ್ಗದ ಮೇಲೆ, ಎರಡು ಅಂಚು ಸಮ ಬರುವ ಹಾಗೆ, ಒಣಹಾಕಿದಳು.

ತಿರುಗಿದಾಗ ರೆಫರಿ ಎರಡೂ ಕೈ ಬೀಸುತ್ತಿದ್ದ. ಯಾರ ಮೂಲೆಯಿಂದ ಬಿಳಿ ಟವೆಲು ಬಂತೋ ಅವರು ಸೋಲೊಪ್ಪಿಕೊಂಡ ಹಾಗೆ. ಬಾಕ್ಸಿಂಗು ಗೊತ್ತಿಲ್ಲದವರಿಗೂ ಗೊತ್ತಿರುವ ನಿಯಮ ಅದು. ಹಗ್ಗಕ್ಕೆ ಒರಗಿದ್ದ ಹುಡುಗಿ ಏನೂ ಅರ್ಥವಾಗದೆ ಕುಸಿದು ಕುಳಿತಳು. ಕುಳಿತಲ್ಲೇ ಗೆದ್ದಳು.

ಅಫ್ಸಲ್ ತೀರ್ಪುಗಾರರ ಮೇಜಿನ ಹತ್ತಿರ ಓಡಿದ, ಕೂಗಾಡಿದ. ಟವೆಲು ನಿಮ್ಮ ಮೂಲೆಯದೇ ಅಲ್ಲವೇ ಎಂದರು. ತೀರ್ಪು ನಿಂತಿತು. ಅವನು ಹಿಂದಿರುಗಿ ಬಂದು ರೋನ್ಸನನ ಜಾಕೆಟ್ಟಿನ ಕಾಲರು ಹಿಡಿದ.

"ಎಂತ ಮಾಡಿದ್ದು ಪೊರ್ಬು ನೀವು?"

"ಕೈ ಒದ್ದೆ ಆಗಿತ್ತು," ಎಂದ ರೋನ್ಸನ್.

ಅಷ್ಟರಲ್ಲಿ ಊರಿನವರ ಸಾಲಿನಿಂದ ಚಪ್ಪಾಳೆ ಶುರುವಾಯಿತು. ಡಿಕ್ಸನ್ ಓಡಿ ಬಂದು ರೋನ್ಸನನನ್ನು ತಬ್ಬಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. "ಹೆಂಡತಿ ಪೆಟ್ಟು ತಿನ್ನುವುದು ನೋಡ್ಲಿಕ್ಕೆ ಆಗ್ಲಿಲ್ಲ ಅಲ್ವಾ ನಿನಗೆ? ಗಂಡಸು ಅಂದ್ರೆ ಇದು ಮಾರಾಯ."

ಅಪೊಲಿನ್ ರೋನ್ಸನನ ಮುಖವನ್ನೇ ನೋಡುತ್ತಿದ್ದಳು. ಆ ಸುಳ್ಳು ಅವನ ಮುಖಕ್ಕೆ ಹೊಸ ಅಂಗಿಯ ಹಾಗೆ ಬಂದು ಕುಳಿತುಕೊಳ್ಳುವುದನ್ನು ನೋಡಿದಳು. ಅವನು ತಲೆ ತಗ್ಗಿಸಿ ಮೂಗು ಉಜ್ಜಿಕೊಂಡ.

"ಎಷ್ಟಾದ್ರೂ ನನ್ನ ಹೆಂಡತಿಯಲ್ವಾ," ಎಂದ.

ಮನೆಗೆ ಬರುವಾಗ ಕಾರಿನಲ್ಲಿ ಅವಳು ಒಂದೇ ಮಾತು ಕೇಳಿದಳು. "ಎಂತಕ್ಕೆ ಬಿಸಾಡಿದ್ದು?"

"ನೀನು ಹಿಡೀತಿ ಅಂತ," ಎಂದ ರೋನ್ಸನ್. ಸುಳ್ಳಿಲ್ಲದ ಉತ್ತರ ಅದೊಂದೇ ಆಗಿತ್ತು.

ಸಂಘದ ವಾರ್ಷಿಕ ದಿನಕ್ಕೆ ರೋನ್ಸನ್‌ಗೆ ಸನ್ಮಾನ ಇಟ್ಟರು. ಆ ವಾರ ಇಗರ್ಜಿಯ ಪ್ರವಚನದಲ್ಲೂ ಹೆಸರು ಹೇಳದೆ ಅವನ ಉದಾಹರಣೆ ಬಂತು, ಹೆಂಡತಿಗಾಗಿ ಕೀರ್ತಿ ಬಿಟ್ಟುಕೊಟ್ಟ ಗಂಡನೆಂದು. ಸಭೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ. ಮೈಕಿನ ಮುಂದೆ ಡಿಕ್ಸನ್, "ಇಂಥ ಗಂಡ ಸಿಗಲಿಕ್ಕೆ ಪುಣ್ಯ ಬೇಕು," ಎಂದ. ಅಪೊಲಿನಳನ್ನೂ ವೇದಿಕೆಗೆ ಕರೆದರು. ಅವಳು ಅಡುಗೆಮನೆಯಿಂದ ಬರಬೇಕಾಯಿತು. ಇನ್ನೂರು ಜನರ ಹಂದಿ ಸಾರು ಅವಳ ಕೈಯದೇ. ಬಂದವಳ ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು, ರೋನ್ಸನ್ ಶಾಲು ಸರಿಮಾಡಿಕೊಳ್ಳುತ್ತಿದ್ದನಲ್ಲ, ಹಾಗಾಗಿ.

ಮಾರನೆಯ ದಿನ ಅವಳು ಟುಬ್ಲಿಗೆ ಹೋದಳು.

"ಕೋಚ್ ಅಂತ ಈಗ ಹಾಕ್ಲಿಕ್ಕೆ ಆಗುವುದಿಲ್ಲ ಬಾಯಿ," ಎಂದ ಅಫ್ಸಲ್, ಅವಳ ಮುಖ ನೋಡದೆ. "ಕ್ಲೀನರ್ ಅಂತ ಬೇಕಾದ್ರೆ ಆಗ್ತದೆ. ನೆಲ, ಟಾಯ್ಲೆಟ್ಟು, ಟವೆಲ್ಲು. ಮೇಲಿನ ರೂಮಿನಲ್ಲಿ ಇನ್ನಿಬ್ಬರು ಇದ್ದಾರೆ, ಸೇರಿಕೊಂಡು ಇರ್ಬಹುದು."

"ಮಾಡಿ," ಎಂದಳು ಅಪೊಲಿನ್.

ಕಾಗದ ಬದಲಾಗಲು ರೋನ್ಸನ್ ಖುಷಿಯಿಂದಲೇ ಒಪ್ಪಿದ. ಹೆಂಡತಿ ಹಗಲು ಜಿಮ್ಮು ಗುಡಿಸಿ ಸಂಜೆ ಮನೆಗೆ ಬರುತ್ತಾಳೆ ಎಂದು ಅವನ ಲೆಕ್ಕ. ಬರುವುದಿಲ್ಲ ಎಂದು ಅವಳು ಹೇಳಿದ್ದು ಸೋನಲಳ ಹತ್ತಿರ ಮಾತ್ರ. ನೀನೂ ಬಾ ಎಂದಳು.

"ಅಲ್ಲಿ ನನಗೆ ರೂಮ್ ಉಂಟಾ ಮಮ್ಮಾ?"

"ನನ್ನ ಮಂಚ ಉಂಟು."

ಸೋನಲ್ ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ನನಗೆ ಬೋರ್ಡ್ ಎಕ್ಸಾಂ ಉಂಟು," ಎಂದಳು. ಆಮೇಲೆ, "ಗ್ಯಾರೇಜ್ ಮೇಲೆ ಇರ್ತೇನೆ ಅಂತ ಫ್ರೆಂಡ್ಸಿಗೆ ಹೇಗೆ ಹೇಳುವುದು?" ಎಂದಳು.

ಶುಕ್ರವಾರ ಬೆಳಿಗ್ಗೆ ರೋನ್ಸನ್ ಸ್ನಾನಕ್ಕೆ ಹೋದ. ಅಪೊಲಿನ್ ಚೀಲ ತುಂಬಿದಳು. ಅವಳ ಸ್ವಂತ ಬಟ್ಟೆ ತುಂಬ ಇರಲಿಲ್ಲ, ಜಾಗ ಉಳಿಯಿತು. ಆ ಜಾಗಕ್ಕೆ ಮನೆಯಲ್ಲಿದ್ದ ಬೈರಾಸುಗಳನ್ನೆಲ್ಲ ತುಂಬಿದಳು. ಕಪಾಟಿನವು, ಹಗ್ಗದ ಮೇಲಿನವು, ಕೈ ಒರೆಸುವ ಚಿಕ್ಕವು, ಕಡೆಗೆ ಕಾಲೊರೆಸುವ ತುಂಡು ಕೂಡ. ಎಲ್ಲವನ್ನೂ ಇಷ್ಟು ವರ್ಷ ಒಗೆದವಳು ಅವಳು. ಬಾಗಿಲು ಎಳೆದುಕೊಂಡು ಲಿಫ್ಟಿನ ಗುಂಡಿ ಒತ್ತಿ ನಿಂತಳು.

ಒಳಗೆ ನೀರು ನಿಂತಿತು.

"ಅಪೊಲಿನ್, ಬೈರಾಸು."

ಅವಳ ಎಡಗೈ ಅಲುಗಿತು. ಅದನ್ನು ಬಲಗೈಯಿಂದ ಹಿಡಿದುಕೊಂಡಳು.

"ಅಪೊಲಿನ್. ಬೈರಾಸು ಕೊಡು. ಚಳಿ ಆಗ್ತದೆ."

ಹಸಿ ಮೈಯಲ್ಲಿ ಬಾಗಿಲ ಸಂದಿಯಿಂದ ಕೈ ಚಾಚಿ ನಿಂತವನ ಚಿತ್ರ ಅವಳ ಕಣ್ಣಿಗೆ ಬಂತು. ಖುಷಿಯಾಯಿತು. ಎಷ್ಟು ಹೊತ್ತು ನಿಲ್ಲುತ್ತಾನೋ ನಿಲ್ಲಲಿ ಎಂದುಕೊಂಡಳು. ಲಿಫ್ಟು ಬರುವ ಸದ್ದಾಯಿತು.

"ಬಂದೆ ಡ್ಯಾಡಿ," ಎಂದಿತು ಒಳಗಿನಿಂದ ಇನ್ನೊಂದು ದನಿ.

ಬರಿಗಾಲಿನಲ್ಲಿ ಓಡುವ ಸದ್ದು. ಸೋನಲಳ ಈಜಿನ ಚೀಲದಲ್ಲಿ ಒಂದು ಟವೆಲು ಇರುತ್ತಿತ್ತು. ಅದು ಅಪೊಲಿನ್‌ಗೆ ಮರೆತೇ ಹೋಗಿತ್ತು. ಬಾತ್ರೂಮಿನ ಬಾಗಿಲು ಕಿರುಗುಟ್ಟಿತು, ಮತ್ತೆ ಮುಚ್ಚಿತು. ಲಿಫ್ಟಿನ ಬಾಗಿಲು ತೆರೆಯಿತು. ಅಪೊಲಿನ್ ಚೀಲ ಎತ್ತಿಕೊಂಡು ಹತ್ತಿದಳು, ಕೆಳಗೆ ಹೋದಳು. ಕೆಳಗೆ ಹೋಗುವಾಗ ಅವಳಿಗೆ ಖುಷಿ ಇರಲಿಲ್ಲ.

ಈಗ ಅವಳು ಟುಬ್ಲಿಯ ಜಿಮ್ಮಿನಲ್ಲಿ ನೆಲ ಒರೆಸುತ್ತಾಳೆ, ಟಾಯ್ಲೆಟ್ಟು ತೊಳೆಯುತ್ತಾಳೆ, ಬೆವರಿನ ಟವೆಲುಗಳನ್ನು ಬುಟ್ಟಿ ಬುಟ್ಟಿ ಒಗೆದು ಟೆರೇಸಿನಲ್ಲಿ ಒಣಹಾಕುತ್ತಾಳೆ. ಕಲಿಯಲು ಬರುವ ಹೆಂಗಸರಿಗೆ ಅವಳೊಮ್ಮೆ ಬಾಕ್ಸರ್ ಆಗಿದ್ದಳೆಂದು ಗೊತ್ತಿಲ್ಲ. ವಾಲಿದ ಮೂಗು ನೋಡಿ ಗಂಡ ಹೊಡೆದಿರಬೇಕೆಂದು ಮರುಗುತ್ತಾರೆ. ಅವಳು ತಿದ್ದುವುದಿಲ್ಲ.

ಸೋನಲ್ ಶುಕ್ರವಾರ ಬರುತ್ತಾಳೆ. ಎರಡನೆಯ ಸಲ ಬಂದಾಗಲೇ ಅವಳ ಬೆರಳುಗಳಿಂದ ಬಂಗುಡೆಯ ವಾಸನೆ ಬಂತು, ಉಗುರಿನ ಸಂದಿಯಲ್ಲಿ ಅರಿಶಿನ ಇತ್ತು. ಅಪೊಲಿನ್ ಆ ಕೈಯನ್ನು ಮೂಗಿಗೆ ಹಿಡಿದಳು.

"ಡ್ಯಾಡಿ ಹೊರಗಿನದ್ದು ತಿನ್ನುವುದಿಲ್ಲ," ಎಂದಳು ಸೋನಲ್. "ಮತ್ತೆ ಎಂತ ಮಾಡುವುದು?"

"ಬೈರಾಸು?"

ಸೋನಲ್ ನಕ್ಕಳು. "ನಾನು ಈಗ ನಿನಗಿಂತ ಚೆನ್ನಾಗಿ ಹಿಡೀತೇನೆ ಮಮ್ಮಾ. ಡಿಕ್ಸನ್ ಅಂಕಲ್ ಎಲ್ಲ ಚಪ್ಪಾಳೆ ತಟ್ಟಿದ್ರು."

ಅಪೊಲಿನ್ ಮಗಳನ್ನು ಒಳಗೆ ಕರೆದೊಯ್ದಳು. ಮಧ್ಯಾಹ್ನದ ಹೊತ್ತು, ಜಿಮ್ಮು ಖಾಲಿ. ಬಲಗೈಗೆ ಮಾತ್ರ ತನ್ನ ಹಳೆಯ ಗ್ಲೌಸು ಹಾಕಿಕೊಂಡು, ಮಗಳನ್ನು ರಿಂಗಿನ ಮಧ್ಯೆ ನಿಲ್ಲಿಸಿ, ಎರಡೂ ಮುಷ್ಟಿಗಳನ್ನು ಅವಳ ಗಲ್ಲದ ಹತ್ತಿರ ಇಡಿಸಿದಳು. ಒಗೆದ ಬೈರಾಸುಗಳ ಬುಟ್ಟಿಯನ್ನು ಪಕ್ಕಕ್ಕೆ ಎಳೆದುಕೊಂಡಳು.

"ನಾನು ಬೈರಾಸು ಬಿಸಾಡ್ತೇನೆ. ಹಿಡೀಬೇಡ. ಕೈ ಇಲ್ಲೇ ಇರ್ಬೇಕು."

"ಅಷ್ಟೇನಾ?"

ಎಸೆದಳು. ಸೋನಲಳ ಎಡಗೈ ಹೋಗಿ ಹಿಡಿಯಿತು. ತಾಯಿಯ ಗ್ಲೌಸು ಅವಳ ಹಣೆಗೆ ಬಡಿಯಿತು.

"ಸಾರಿ ಮಮ್ಮಾ. ಅದು ತನ್ನಷ್ಟಕ್ಕೆ ಹೋಗ್ತದೆ."

"ಇನ್ನೊಮ್ಮೆ."

ಹಿಡಿದಳು. ಪೆಟ್ಟು ಬಿತ್ತು. ಮತ್ತೆ ಹಿಡಿದಳು, ಮತ್ತೆ ಬಿತ್ತು. ಹಣೆ ಕೆಂಪಾಯಿತು. ನಗು ಹೋಯಿತು. ಕೊನೆಗೆ ಒಮ್ಮೆ ಹುಡುಗಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮುಷ್ಟಿಗಳನ್ನು ಗಲ್ಲಕ್ಕೆ ಒತ್ತಿಕೊಂಡು ಹಾಗೇ ನಿಂತಳು. ಒದ್ದೆ ಬೈರಾಸು ಅವಳ ಮುಖಕ್ಕೆ ಬಡಿದು, ಎದೆಯ ಮೇಲೆ ಜಾರಿ, ನೆಲಕ್ಕೆ ಬಿತ್ತು. ಇಬ್ಬರೂ ಅದನ್ನು ನೋಡಿದರು.

ಸೋನಲ್ ಬಗ್ಗಿ ಅದನ್ನು ಎತ್ತಿಕೊಳ್ಳಲು ಹೋದಳು.

ಈ ಸಲದ ಪೆಟ್ಟು ಹಿಂದಿನವುಗಳಂತೆ ಇರಲಿಲ್ಲ. ಹುಡುಗಿ ಹಗ್ಗಕ್ಕೆ ಹೋಗಿ ಬಡಿದು, ಮೂಗು ಹಿಡಿದುಕೊಂಡು ಅಳತೊಡಗಿದಳು.

"ಬಿದ್ದದ್ದು ಅಲ್ಲೇ ಇರ್ಲಿ," ಎಂದಳು ಅಪೊಲಿನ್. ನೆಲಕ್ಕೆ ಬಿದ್ದದ್ದನ್ನೆಲ್ಲ ಮತ್ತೆ ಒಗೆಯಬೇಕಾದವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು. ಸ್ಟೂಲು ತಂದು ಮಗಳನ್ನು ಕೂರಿಸಿದಳು, ನೀರು ಕುಡಿಸಿದಳು, ತಣ್ಣನೆ ಬಟ್ಟೆಯಿಂದ ಹಣೆ, ಕುತ್ತಿಗೆ, ಕಿವಿಯ ಹಿಂದೆ ಒರೆಸಿದಳು. ಒಂದು ನಿಮಿಷ ಆಗುವವರೆಗೆ ಕಾದಳು. ಆಮೇಲೆ ಎದ್ದು ನಿಲ್ಲೆಂದು ಹೇಳಿ, ಬುಟ್ಟಿಯಿಂದ ಇನ್ನೊಂದು ಬೈರಾಸು ತೆಗೆದುಕೊಂಡಳು.